ಮುಟ್ಟಿದರೆ ಮುನಿಯುವ ಉಸಿರುಕೊಳವೆ

ಪೊಂಗಲ್ ಹಬ್ಬದ ಮುನ್ನಾದಿನ ಚೆನ್ನೈಯಲ್ಲಿ ಭೋಗಿ. ಬೆಳಕು ಹರಿಯುವ ಮೊದಲೇ ಮನೆಗಳ ಮುಂದೆ ಹಳೆ ಚಾಪೆ, ಮೊರ, ಪೊರಕೆ, ಹರಿದ ಬಟ್ಟೆಗಳನ್ನು ರಾಶಿ ಹಾಕಿ ಬೆಂಕಿ ಹಚ್ಚುತ್ತಾರೆ. ಸವೆದ ಟೈರು, ಪ್ಲಾಸ್ಟಿಕ್ ಕೂಡ ಆ ರಾಶಿಗೆ ಸೇರುವುದುಂಟು. ಜನವರಿಯ ಆ ಹೊತ್ತಿನಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರುವುದಿಲ್ಲ. ಕಡಲಗಾಳಿ ಊರೊಳಗೆ ಬರಬೇಕಾದರೆ ಬಿಸಿಲೇರಬೇಕು. ಅಲ್ಲಿಯತನಕ ಹೊಗೆ ನೆಲಬಿಟ್ಟು ಮೇಲೇಳುವುದಿಲ್ಲ, ಇಬ್ಬನಿಯ ಜೊತೆ ಬೆರೆತು ಬೀದಿಯಲ್ಲೇ ನಿಲ್ಲುತ್ತದೆ. 2018ರ ಜನವರಿ 13ರ ಭೋಗಿಯಂದು ಈ ಹೊಗೆಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿದ್ದ ಹಲವು ವಿಮಾನಗಳು ಬೇರೆ ಊರಿನ ದಾರಿ ಹಿಡಿದವು.

ಅಂಥ ಬೆಳಿಗ್ಗೆ ಒಂದೇ ಬೀದಿಯ ಜನರೆಲ್ಲ ಒಂದೇ ಹೊಗೆಯನ್ನು ಉಸಿರಾಡುತ್ತಾರೆ. ಒಬ್ಬರಿಗೆ ಕಣ್ಣುರಿ ಬಂದು, ನಾಲ್ಕು ಸಲ ಕೆಮ್ಮಿ, ಅಲ್ಲಿಗೆ ಮುಗಿಯುತ್ತದೆ. ಪಕ್ಕದ ಮನೆಯವರಿಗೆ ಎದೆ ಬಿಗಿದು, ಉಸಿರು ಬಿಡುವಾಗ ಸುಂಯ್‌ಗುಟ್ಟಿ, ಮಾತಾಡಲೂ ದಮ್ಮು ಸಾಲದೆ ಆಟೊ ಹತ್ತಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಹೊಗೆ ಇಬ್ಬರಿಗೂ ಒಂದೇ. ವ್ಯತ್ಯಾಸ ಇರುವುದು ಅದನ್ನು ಎದುರುಗೊಂಡ ಉಸಿರುಕೊಳವೆಗಳಲ್ಲಿ. ವೈದ್ಯರು ಇದನ್ನು ಉಸಿರುಕೊಳವೆಗಳ ಅತಿಸ್ಪಂದನೆ ಎನ್ನುತ್ತಾರೆ. ಬೇರೆ ಗಿಡಗಳು ಗಮನಿಸದ ಸಣ್ಣ ಸ್ಪರ್ಶಕ್ಕೂ ಎಲೆ ಮಡಚಿಕೊಳ್ಳುವ ಮುಟ್ಟಿದರೆ ಮುನಿಯ ಗುಣ ಅದು. ಆಸ್ತಮಾ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉಬ್ಬಸ ಬಂದ ಆ ಹೊತ್ತು. ಆದರೆ ರೋಗದ ಬೇರು ಇರುವುದು ಉಬ್ಬಸ ಇಲ್ಲದ ದಿನಗಳಲ್ಲೂ ಒಳಗೇ ಉಳಿದಿರುವ ಈ ಮುನಿಸಿನಲ್ಲಿ. ನಾವು ಇದನ್ನು ತಿಳಿಯದೆ ಇರುವುದರಿಂದಲೇ ಬದುಕಬಹುದಾದ ಎಷ್ಟೋ ಜೀವಗಳು ಹೋಗುತ್ತಿವೆ.

ಕೊಳವೆ ಮುನಿಯುವುದು ಹೇಗೆ? ಗಂಟಲಿನಿಂದ ಇಳಿದ ಶ್ವಾಸನಾಳ ಎರಡಾಗಿ, ನಾಲ್ಕಾಗಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಗಾಳಿಗೂಡುಗಳನ್ನು ಮುಟ್ಟುತ್ತದೆ. ಈ ಕೊಳವೆಗಳ ಗೋಡೆಯ ಸುತ್ತ ನಮ್ಮ ಅಂಕೆಗೆ ಸಿಗದ ನಯವಾದ ಸ್ನಾಯು ಸುತ್ತಿಕೊಂಡಿದೆ. ಮಿದುಳಿನಿಂದ ಇಳಿದುಬರುವ ವೇಗಸ್ ನರ ತನ್ನ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಟ್ಟರೆ ಆ ಸ್ನಾಯು ಬಿಗಿಯುತ್ತದೆ. ಗೋಡೆಯೊಳಗೆ ಕುಳಿತ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೊಟ್ರೈನ್‌ಗಳನ್ನು ಸುರಿದರೂ ಅದು ಬಿಗಿಯುತ್ತದೆ. ಆರೋಗ್ಯವಂತರಲ್ಲಿ ಈ ಬಿಗಿತಕ್ಕೆ ಒಂದು ಮಿತಿ ಇದೆ. ಕೆರಳಿಕೆ ಎಷ್ಟೇ ಹೆಚ್ಚಿದರೂ ಒಂದು ಹಂತದ ಆಚೆ ಕೊಳವೆ ಕಿರಿದಾಗುವುದಿಲ್ಲ. ಒಮ್ಮೆ ದೀರ್ಘವಾಗಿ ಉಸಿರೆಳೆದರೆ ಸ್ನಾಯು ಹಿಗ್ಗಿ ಸಡಿಲವಾಗುತ್ತದೆ. ತೀವ್ರ ಆಸ್ತಮಾದಲ್ಲಿ ಈ ಎರಡು ರಕ್ಷಣೆಗಳೂ ಕೈಕೊಡುತ್ತವೆ. ಸಣ್ಣ ಕಾರಣಕ್ಕೆ ಬಿಗಿತ ಶುರುವಾಗುತ್ತದೆ, ಶುರುವಾದದ್ದು ಮಿತಿ ಮೀರುತ್ತದೆ.

ಇದರ ಹಿಂದಿರುವುದು ಉರಿಯೂತ. ಅಲರ್ಜಿಯ ಕಾರಣದಿಂದಲೋ ಬೇರೆ ಕಾರಣದಿಂದಲೋ ಕೊಳವೆಯ ಒಳಪದರ ಸದಾ ಊದಿಕೊಂಡಿರುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಬೀಡುಬಿಟ್ಟು ಮೇಲ್ಪೊರೆಯನ್ನು ಹಾಳುಗೆಡವುತ್ತವೆ. ಮೇಲ್ಪೊರೆ ಕಿತ್ತುಹೋದಲ್ಲಿ ನರತುದಿಗಳು ಬಯಲಾಗಿ ಬೇಗ ಕೆರಳುತ್ತವೆ. ಲೋಳೆ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಸ್ನಾಯುವೇ ದಪ್ಪವಾಗಿ, ಗೋಡೆ ಗಡುಸಾಗಿ, ಕೊಳವೆಯ ರಚನೆಯೇ ಬದಲಾಗುತ್ತದೆ. ಗಾಳಿಯ ಹರಿವಿಗೆ ಒದಗುವ ತಡೆ ಕೊಳವೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಕೊಳವೆ ಅರ್ಧಕ್ಕೆ ಕಿರಿದಾದರೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಏರುತ್ತದೆ. ಹತ್ತು ನಿಮಿಷದ ಹಿಂದೆ ನಗುತ್ತ ಇದ್ದವರು ಈಗ ಏದುಸಿರು ಬಿಡುವುದೇಕೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಕೆರಳಿಸುವ ಸಂಗತಿಗಳಿಗೆ ಲೆಕ್ಕವಿಲ್ಲ. ಒಗ್ಗರಣೆಯ ಮೆಣಸಿನ ಘಾಟು, ಊದುಬತ್ತಿ, ಸೊಳ್ಳೆಬತ್ತಿ, ಅತ್ತರು, ತಣ್ಣನೆಯ ಗಾಳಿ, ಓಟ, ಜೋರು ನಗು, ಹಾಸಿಗೆಯ ಧೂಳಿನಲ್ಲಿರುವ ನುಸಿ, ಜಿರಲೆ. ನಮ್ಮ ಬಯಲುಸೀಮೆಯಲ್ಲೂ ತಮಿಳುನಾಡಿನ ಒಣನೆಲದಲ್ಲೂ ಹಬ್ಬಿರುವ ಬಳ್ಳಾರಿ ಜಾಲಿಯ ಪರಾಗವೂ ಈ ಸಾಲಿಗೆ ಸೇರುತ್ತದೆ. ವೈರಸ್‌ನಿಂದ ಬಂದ ಸಾಮಾನ್ಯ ನೆಗಡಿ ವಾರದಲ್ಲಿ ವಾಸಿಯಾದರೂ ಅದು ಎಬ್ಬಿಸಿದ ಅತಿಸ್ಪಂದನೆ ವಾರಗಟ್ಟಲೆ ಉಳಿಯಬಹುದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿಯುವ ಚೆನ್ನೈಯಲ್ಲಿ, 2015 ಮತ್ತು 2023ರ ಡಿಸೆಂಬರಿನಂತೆ ನೆರೆ ನುಗ್ಗಿದರೆ, ನೀರು ಇಳಿದ ಮೇಲೂ ಗೋಡೆಗೆ ಹಿಡಿದ ಬೂಷ್ಟು ಇಂಥವರನ್ನು ಬಹುದಿನ ಕಾಡುತ್ತದೆ.

ಈ ಮುನಿಸನ್ನು ತಣಿಸುವ ಯತ್ನದ ಚರಿತ್ರೆಯಲ್ಲಿ ಮದರಾಸಿಗೆ ಹಿರಿಯ ಸ್ಥಾನವಿದೆ. ಉಬ್ಬಸಕ್ಕೆ ದತ್ತೂರಿಯನ್ನು ಒಣಗಿಸಿ ಅದರ ಹೊಗೆ ಸೇದುವುದು ಈ ನೆಲದ ಹಳೆಯ ರೂಢಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಮದರಾಸಿನ ಮುಖ್ಯ ವೈದ್ಯಾಧಿಕಾರಿಯಾಗಿದ್ದವನು ಜೇಮ್ಸ್ ಆಂಡರ್ಸನ್. ಕೆಂಪು ಬಣ್ಣ ಕೊಡುವ ಕಾಚಿನೀಲ್ ಹುಳುಗಳನ್ನು ಸಾಕಲು ಸೈದಾಪೇಟೆಯಲ್ಲಿ ಪಾಪಾಸುಕಳ್ಳಿಯ ತೋಟ ಮಾಡಿದ್ದ ಸಸ್ಯಪ್ರೇಮಿಯೂ ಅವನೇ. ಅವನು ಈ ಹೊಗೆಮದ್ದನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದ. ಜೆಂಟ್ ಅದನ್ನು 1802ರ ಸುಮಾರಿಗೆ ಬ್ರಿಟನ್ನಿಗೆ ಒಯ್ದ. ಅಲ್ಲಿನ ವೈದ್ಯರು ಅದರದೇ ಜಾತಿಯ ತಮ್ಮ ನೆಲದ ಗಿಡವನ್ನು ಬಳಸತೊಡಗಿದರು. ಮುಂದೆ ನೂರೈವತ್ತು ವರ್ಷ ಯುರೋಪು, ಅಮೆರಿಕದ ಅಂಗಡಿಗಳಲ್ಲಿ ಆಸ್ತಮಾ ಸಿಗರೇಟುಗಳು ಮಾರಾಟವಾದವು.

ದತ್ತೂರಿಯಲ್ಲಿರುವ ಅಟ್ರೊಪಿನ್ ವರ್ಗದ ಸತ್ವಗಳು ವೇಗಸ್ ನರದ ಅಸಿಟೈಲ್‌ಕೋಲಿನ್ ಸ್ನಾಯುವನ್ನು ತಲುಪದಂತೆ ಅಡ್ಡಗಟ್ಟುತ್ತವೆ. ಆಗ ಸ್ನಾಯು ಸಡಿಲವಾಗುತ್ತದೆ. ಇಂದು ನೆಬ್ಯುಲೈಸರಿನಲ್ಲಿ ಕೊಡುವ ಇಪ್ರಾಟ್ರೋಪಿಯಂ, ದೀರ್ಘಕಾಲದ ಶ್ವಾಸಕೋಶ ರೋಗಿಗಳು ದಿನಕ್ಕೊಮ್ಮೆ ಎಳೆದುಕೊಳ್ಳುವ ಟಿಯೋಟ್ರೋಪಿಯಂ ಎರಡೂ ಅದೇ ವಂಶದ ಸುಧಾರಿತ ಔಷಧಗಳು. ಹಾಗೆಂದು ಯಾರೂ ದತ್ತೂರಿಗೆ ಕೈಹಾಕಬಾರದು. ಅದು ವಿಷ. ಪ್ರಮಾಣ ಸ್ವಲ್ಪ ಮೀರಿದರೂ ಭ್ರಮೆ, ಎದೆಬಡಿತದ ಏರುಪೇರು, ಸಾವು ತರಬಲ್ಲದು.

ಗಿಡದ ಗುಣವನ್ನೇ ತಿರುವುಮುರುವಾಗಿಸಿದರೆ ರೋಗಪತ್ತೆಯ ಪರೀಕ್ಷೆ ಸಿಗುತ್ತದೆ. ದತ್ತೂರಿ ತಡೆಯುವ ಅಸಿಟೈಲ್‌ಕೋಲಿನ್ನನ್ನೇ ಉಸಿರಿನ ಮೂಲಕ ಕೊಟ್ಟು ಕೊಳವೆ ಎಷ್ಟು ಮುನಿಯುತ್ತದೆ ಎಂದು 1940ರ ದಶಕದಲ್ಲಿ ಪ್ಯಾರಿಸಿನ ರಾಬೆರ್ ಟಿಫನೊ ಅಳೆದ. ಒಂದು ಸೆಕೆಂಡಿನಲ್ಲಿ ಜೋರಾಗಿ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣವನ್ನು ಅಳತೆಗೋಲಾಗಿಸಿದ ಕೀರ್ತಿಯೂ ಅವನದೇ. 1977ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಕಾಕ್‌ಕ್ರಾಫ್ಟ್, ಹಾರ್ಗ್ರೀವ್ ಮತ್ತು ಸಂಗಡಿಗರು ಇಂಥ ಪರೀಕ್ಷೆಗೆ ಎಲ್ಲೆಡೆ ಒಂದೇ ರೀತಿ ಮಾಡಬಹುದಾದ ಕ್ರಮವನ್ನು ಕೊಟ್ಟರು. ಈಗ ಬಳಸುವುದು ಅಸಿಟೈಲ್‌ಕೋಲಿನ್ನಿನ ಬಂಧುವಾದ ಮೆಥಕೋಲಿನ್. ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ ಹಂತಹಂತವಾಗಿ ಹೆಚ್ಚಿಸುತ್ತ, ಪ್ರತಿ ಹಂತದಲ್ಲೂ ಊದಿಸಿ ನೋಡುತ್ತಾರೆ. ಮೊದಲ ಸೆಕೆಂಡಿನ ಗಾಳಿ ಶೇ 20ರಷ್ಟು ಕುಸಿದ ಕೂಡಲೇ ನಿಲ್ಲಿಸಿ, ಕೊಳವೆ ಹಿಗ್ಗಿಸುವ ಔಷಧ ಕೊಡುತ್ತಾರೆ. ಮಿಲಿಲೀಟರಿಗೆ 16 ಮಿಲಿಗ್ರಾಂ ಸಾಂದ್ರತೆಗೂ ಜಗ್ಗದಿದ್ದರೆ ಕೊಳವೆ ಸಹಜ. 1 ಮಿಲಿಗ್ರಾಂಗಿಂತ ಕಡಿಮೆಯಲ್ಲೇ ಕುಸಿದರೆ ಅತಿಸ್ಪಂದನೆ ಜೋರಾಗಿದೆ ಎಂದರ್ಥ.

ಈ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಊದುವ ಬಲ ಈಗಾಗಲೇ ಬಹಳ ಕುಗ್ಗಿದವರಿಗೆ ಇದನ್ನು ಮಾಡುವುದೂ ಇಲ್ಲ. ಬಹುತೇಕರಿಗೆ ಸ್ಪೈರೊಮೆಟ್ರಿ ಸಾಕು. ಒಮ್ಮೆ ಊದಿಸಿ, ಕೊಳವೆ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಊದಿಸಿದಾಗ ಮೊದಲ ಸೆಕೆಂಡಿನ ಗಾಳಿ ಶೇ 12ರಷ್ಟು, ಜೊತೆಗೆ 200 ಮಿಲಿಲೀಟರಿನಷ್ಟು ಹೆಚ್ಚಿದರೆ ಆಸ್ತಮಾದ ಕಡೆಗೆ ಬೊಟ್ಟು ಮಾಡಬಹುದು. ನಮ್ಮ ದುರ್ದೈವವೆಂದರೆ ಇಷ್ಟು ಸರಳವಾದ ಪರೀಕ್ಷೆಯನ್ನೂ ಮಾಡಿಸದೆ, ಸ್ಟೆತಸ್ಕೋಪಿಗೆ ಕೇಳಿದ ಸದ್ದಿನ ಮೇಲೆಯೇ ವರ್ಷಗಟ್ಟಲೆ ಮದ್ದು ನಡೆಯುತ್ತದೆ. ಬಿ.ಪಿ. ಅಳೆಯದೆ ರಕ್ತದೊತ್ತಡಕ್ಕೆ ಮಾತ್ರೆ ಬರೆಯುವ ವೈದ್ಯರನ್ನು ನಾವು ಒಪ್ಪುವುದಿಲ್ಲ. ಉಸಿರಿನ ವಿಷಯದಲ್ಲಿ ಮಾತ್ರ ಒಪ್ಪಿಕೊಂಡಿದ್ದೇವೆ.

ಅತಿಸ್ಪಂದನೆ ಆಸ್ತಮಾದ ಸ್ವತ್ತಷ್ಟೇ ಅಲ್ಲ. ಬೀಡಿ, ಸಿಗರೇಟು, ಸೌದೆಯೊಲೆಯ ಹೊಗೆಯಿಂದ ಬರುವ ದೀರ್ಘಕಾಲದ ಶ್ವಾಸಕೋಶ ರೋಗದಲ್ಲೂ, ಅಂದರೆ ಸಿ.ಒ.ಪಿ.ಡಿ.ಯಲ್ಲೂ, ಅದು ಬಹಳ ಮಂದಿಯಲ್ಲಿ ಕಾಣುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ ಸಾವಿರಾರು ಧೂಮಪಾನಿಗಳ ಮೇಲೆ ನಡೆದ ಲಂಗ್ ಹೆಲ್ತ್ ಸ್ಟಡಿಯಲ್ಲಿ, ರೋಗ ಇನ್ನೂ ಆರಂಭದ ಹಂತದಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅತಿಸ್ಪಂದನೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಅದು ಹೆಚ್ಚಾಗಿತ್ತು. ಇಲ್ಲಿ ಕಾರಣ ಭಾಗಶಃ ಬೇರೆ. ಕೊಳವೆ ಮೊದಲೇ ಕಿರಿದಾಗಿರುವುದರಿಂದ ಇನ್ನಷ್ಟು ಬಿಗಿದರೆ ಹದಿನಾರು ಪಟ್ಟಿನ ಅದೇ ಲೆಕ್ಕ ಬೇಗ ಎದುರಾಗುತ್ತದೆ. ಜೊತೆಗೆ, ಕೊಳವೆಯನ್ನು ಸುತ್ತಲಿಂದ ಎಳೆದು ತೆರೆದಿಡುವ ಗಾಳಿಗೂಡುಗಳ ಗೋಡೆಗಳೇ ಹರಿದುಹೋಗಿರುತ್ತವೆ. ಅತಿಸ್ಪಂದನೆ ಇದ್ದೂ ಧೂಮಪಾನ ಮುಂದುವರಿಸಿದವರ ಶ್ವಾಸಕೋಶ ಉಳಿದವರಿಗಿಂತ ಬೇಗ ಕ್ಷೀಣಿಸುತ್ತದೆ. ಬೀಡಿ ಸಿಗರೇಟು ಬಿಡುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಒಮ್ಮೆಯೂ ಸಿಗರೇಟು ಮುಟ್ಟದ ಹೆಂಗಸರಿಗೆ ಈ ರೋಗ ಬರುವುದನ್ನು ನಮ್ಮ ದೇಶ ಬಹುಕಾಲ ಗಮನಿಸಲೇ ಇಲ್ಲ. ಒಲೆಯ ಹೊಗೆಯ ಹಾನಿಯನ್ನು ಹಳ್ಳಿಯ ಅಡುಗೆಮನೆಗಳಿಗೇ ಹೋಗಿ ಅಳೆದು ಜಗತ್ತಿನ ಮುಂದಿಟ್ಟವರಲ್ಲಿ ಚೆನ್ನೈಯ ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಮತ್ತು ಅವರ ತಂಡ ಪ್ರಮುಖರು. ಹಾಗೆಯೇ ಕ್ಷಯ ವಾಸಿಯಾದ ಮೇಲೂ ಎಷ್ಟೋ ಮಂದಿಯ ಶ್ವಾಸಕೋಶದಲ್ಲಿ ಕಲೆ ಉಳಿದು ಕೊಳವೆಗಳು ಕಿರಿದಾಗಿರುತ್ತವೆ. ಅಂಥವರ ಏದುಸಿರಿಗೆ ಮತ್ತೆ ಮತ್ತೆ ಕ್ಷಯದ ಮದ್ದು ಪರಿಹಾರವಲ್ಲ.

ಅತಿಸ್ಪಂದನೆ ಬರಲು ಇನ್ನೊಂದು ದಾರಿಯೂ ಇದೆ. ಮೊದಲು ಆಸ್ತಮಾ ಇಲ್ಲದವರೂ ಘಾಟಿನ ಅನಿಲವನ್ನು ಒಮ್ಮೆ ಅತಿಯಾಗಿ ಉಸಿರಾಡಿದರೆ ಕೊಳವೆಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುನಿದೇ ಇರಬಹುದು ಎಂದು 1985ರಲ್ಲಿ ಅಮೆರಿಕದ ಸ್ಟುವರ್ಟ್ ಬ್ರೂಕ್ಸ್ ಮತ್ತು ಸಂಗಡಿಗರು ತೋರಿಸಿದರು. 2023ರ ಡಿಸೆಂಬರ್ 26ರ ರಾತ್ರಿ ಚೆನ್ನೈಯ ಉತ್ತರ ಅಂಚಿನ ಎನ್ನೂರಿನಲ್ಲಿ, ಹಡಗಿನಿಂದ ಗೊಬ್ಬರದ ಕಾರ್ಖಾನೆಗೆ ಅಮೋನಿಯ ಸಾಗಿಸುವ ಕಡಲಡಿಯ ಕೊಳವೆ ಸೋರಿತು. ಪೆರಿಯಕುಪ್ಪಂ ಮೊದಲಾದ ಮೀನುಗಾರರ ಕೇರಿಗಳ ಜನ ಮಲಗಿದ್ದಲ್ಲಿಂದ ಎದ್ದು, ಉಸಿರು ಕಟ್ಟಿ, ಮಕ್ಕಳನ್ನೆತ್ತಿಕೊಂಡು ಕತ್ತಲಲ್ಲಿ ಓಡಿದರು. ಹಲವರು ಆಸ್ಪತ್ರೆ ಸೇರಿದರು. ಇಂಥ ಅವಘಡಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಕಳಿಸಿದ ದಿನಕ್ಕೆ ಕಡತ ಮುಚ್ಚುವುದು ತಪ್ಪು. ಒಡ್ಡಿಕೊಂಡವರೆಲ್ಲರಿಗೂ ಕನಿಷ್ಠ ಒಂದು ವರ್ಷ ಊದಿಸಿ ನೋಡುವ ಪರೀಕ್ಷೆ ನಡೆಯಬೇಕು. ಅತಿಸ್ಪಂದನೆ ಕಣ್ಣಿಗೆ ಕಾಣುವ ಗಾಯವಲ್ಲ. ಹುಡುಕಿದವರಿಗೆ ಮಾತ್ರ ಸಿಗುತ್ತದೆ.

ಚಿಕಿತ್ಸೆಯ ಮಾತಿಗೆ ಬರೋಣ. ಇಲ್ಲಿ ಎರಡು ಬಗೆಯ ಔಷಧಗಳ ವ್ಯತ್ಯಾಸ ಸ್ಪಷ್ಟವಾಗಬೇಕು. ಸಾಲ್ಬುಟಮಾಲ್ ಕೆಲವೇ ನಿಮಿಷದಲ್ಲಿ ಸ್ನಾಯುವನ್ನು ಸಡಿಲಿಸಿ ಉಸಿರು ತರುತ್ತದೆ. ಆದರೆ ಉರಿಯೂತವನ್ನು ಮುಟ್ಟುವುದಿಲ್ಲ, ಮುನಿಸು ಹಾಗೇ ಉಳಿಯುತ್ತದೆ. ಬುಡೆಸೊನೈಡ್‌ನಂಥ ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟಿರಾಯ್ಡ್ ಆ ಗಳಿಗೆಗೆ ಏನೂ ಮಾಡಿದಂತೆ ಕಾಣುವುದಿಲ್ಲ. ಆದರೆ ವಾರಗಳು, ತಿಂಗಳುಗಳು ಕಳೆದಂತೆ ಉರಿಯೂತ ಇಳಿದು ಅತಿಸ್ಪಂದನೆ ಕಡಿಮೆಯಾಗುತ್ತ ಹೋಗುತ್ತದೆ. ಉಸಿರು ತಂದುಕೊಟ್ಟ ಮದ್ದಿನ ಮೇಲೆ ರೋಗಿಗೆ ನಂಬಿಕೆ, ಸದ್ದಿಲ್ಲದೆ ಕೆಲಸ ಮಾಡುವ ಮದ್ದಿನ ಮೇಲೆ ಉದಾಸೀನ. ಪ್ರಾಣಕ್ಕೆ ಎರವಾಗುವುದು ಇದೇ. ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಬಳಸಿದ ಸ್ಟಿರಾಯ್ಡ್ ಇನ್‌ಹೇಲರ್ ಒಂದೊಂದು ಹೆಚ್ಚಿದಂತೆ ಆಸ್ತಮಾದಿಂದ ಸಾಯುವ ಸಂಭವ ಶೇ 21ರಷ್ಟು ಇಳಿಯುತ್ತ ಹೋಗಿತ್ತು. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿದ ಚಿಕಿತ್ಸೆ ಸಲ್ಲದು ಎಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಸೌಮ್ಯ ಆಸ್ತಮಾ ಇರುವ ವಯಸ್ಕರೂ ಉಬ್ಬಸ ಬಂದಾಗ ಬುಡೆಸೊನೈಡ್ ಮತ್ತು ಕೊಳವೆ ಹಿಗ್ಗಿಸುವ ಫಾರ್ಮೊಟೆರಾಲ್ ಕೂಡಿದ ಇನ್‌ಹೇಲರನ್ನು ಎಳೆದುಕೊಳ್ಳಲಿ ಎಂಬುದು ಅದರ ಸಲಹೆ. ಸಿ.ಒ.ಪಿ.ಡಿ.ಯ ಲೆಕ್ಕ ಬೇರೆ. ಅಲ್ಲಿ ದೀರ್ಘಕಾಲ ಕೊಳವೆ ಹಿಗ್ಗಿಸುವ ಔಷಧವೇ ಮುಖ್ಯ, ಸ್ಟಿರಾಯ್ಡ್ ಯಾರಿಗೆ ಬೇಕೆಂದು ವೈದ್ಯರು ಅಳೆದು ತೀರ್ಮಾನಿಸಬೇಕು.

ನಮ್ಮ ದೇಶದ ಅಂಕಿಗಳು ನಾಚಿಕೆ ತರಿಸುವಂಥವು. 2019ರ ಜಾಗತಿಕ ರೋಗಭಾರದ ಅಂದಾಜಿನಂತೆ ಭಾರತದಲ್ಲಿ ಆಸ್ತಮಾ ಇರುವವರು ಸುಮಾರು ಮೂರೂವರೆ ಕೋಟಿ. ಲೋಕದ ಆಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಶೇ 13ರ ಆಸುಪಾಸು, ಆಸ್ತಮಾ ಸಾವುಗಳಲ್ಲಿ ಮಾತ್ರ ಶೇ 40ಕ್ಕಿಂತ ಹೆಚ್ಚು. ರೋಗ ಇಲ್ಲಿ ಹೆಚ್ಚು ಕ್ರೂರವಾಗಿರುವುದರಿಂದ ಹೀಗಾಗುತ್ತಿಲ್ಲ. ಸರಿಯಾದ ಮದ್ದು ಸರಿಯಾದ ಕೈ ಸೇರುತ್ತಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20 ಸಾವಿರ ಮಕ್ಕಳ ದಾಖಲೆ ನೋಡಿ, 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ರ ಹೊತ್ತಿಗೆ ಶೇ 29.5ಕ್ಕೆ ಏರಿದ್ದನ್ನು ಎಂದೋ ಎಚ್ಚರಿಸಿದ್ದರು. ಆದರೂ ಬೆಂಗಳೂರಾಗಲಿ ಚೆನ್ನೈಯಾಗಲಿ, "ಆಸ್ತಮಾ ಅಲ್ಲ, ಸ್ವಲ್ಪ ವೀಸಿಂಗ್ ಅಷ್ಟೆ" ಎಂಬ ಮಾತು ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಹೆಣ್ಣುಮಕ್ಕಳಾದರೆ ಮದುವೆಗೆ ತೊಡಕೆಂದು ಇನ್‌ಹೇಲರನ್ನು ಬಚ್ಚಿಡುತ್ತಾರೆ. ಮೃಗಶಿರಾ ಮಳೆ ಹೂಡುವ ಹೊತ್ತಿಗೆ ಹೈದರಾಬಾದಿನ ಮೀನಿನ ಮದ್ದಿಗೆ ಗಡಿನಾಡಿನಿಂದಲೂ ಜನ ಹೋಗುತ್ತಾರೆ. ಅವರ ಕಷ್ಟ ನಿಜ, ಆಸೆಯೂ ಸಹಜ. ಆದರೆ ಒಂದು ದಿನ ನುಂಗಿದ್ದು ವರ್ಷಪೂರ್ತಿ ಇರುವ ಉರಿಯೂತವನ್ನು ಇಳಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಇನ್‌ಹೇಲರ್ ಚಟವಾಗುತ್ತದೆ, ಸ್ಟಿರಾಯ್ಡ್ ಕೆಟ್ಟದ್ದು ಎಂಬ ಭಯಕ್ಕೂ ಉತ್ತರ ಹೇಳಬೇಕು. ಇನ್‌ಹೇಲರಿನ ಔಷಧ ಮೈಕ್ರೊಗ್ರಾಂಗಳ ಲೆಕ್ಕದ್ದು, ನೇರವಾಗಿ ಕೊಳವೆಗೇ ಹೋಗುತ್ತದೆ. ಉಬ್ಬಸ ಕೈಮೀರಿದಾಗ ನುಂಗಬೇಕಾದ ಸ್ಟಿರಾಯ್ಡ್ ಮಾತ್ರೆ ಮಿಲಿಗ್ರಾಂಗಳ ಲೆಕ್ಕದ್ದು, ಇಡೀ ಮೈಗೆ ಹರಡುತ್ತದೆ. ಚಿಕ್ಕದಕ್ಕೆ ಹೆದರಿದವರು ಕೊನೆಗೆ ದೊಡ್ಡದನ್ನೇ ಪದೇ ಪದೇ ನುಂಗುವಂತಾಗುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣು, ಗಂಟಲು ಕಟ್ಟುವ ತೊಂದರೆಗಳೂ ಬಹುಮಟ್ಟಿಗೆ ತಪ್ಪುತ್ತವೆ.

ಇಲ್ಲಿ ಮದರಾಸು ಲೋಕಕ್ಕೆ ಕಲಿಸಿದ ಎರಡನೆಯ ಪಾಠ ನೆನೆಯಬೇಕು. 1956ರಲ್ಲಿ ಆ ಊರಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಇಂದು ಚೇಟ್‌ಪೇಟೆಯಲ್ಲಿರುವ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಅದೇ. ತಾಂಬರಂನಂಥ ಸ್ಯಾನಿಟೋರಿಯಂಗಳಲ್ಲಿ ತಿಂಗಳುಗಟ್ಟಲೆ ಮಲಗಿಸಿದರೆ ಮಾತ್ರ ಕ್ಷಯ ವಾಸಿ ಎಂದು ನಂಬಿದ್ದ ಕಾಲವದು. ಮದರಾಸಿನ ಬಡ ಕೇರಿಗಳಲ್ಲಿ ಮನೆಯಲ್ಲೇ ಇದ್ದು ಒಂದು ವರ್ಷ ತಪ್ಪದೆ ಮದ್ದು ತೆಗೆದುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ಆ ಕೇಂದ್ರದ ಅಧ್ಯಯನ 1959ರಲ್ಲಿ ತೋರಿಸಿತು. ಜಗತ್ತಿನ ಕ್ಷಯ ಚಿಕಿತ್ಸೆಯೇ ಬದಲಾಯಿತು. ಕೆಮ್ಮು ನಿಂತರೂ ಮದ್ದು ನಿಲ್ಲಿಸಬಾರದು ಎಂಬ ತಿಳಿವಳಿಕೆ ಇಂದು ಹಳ್ಳಿಹಳ್ಳಿಯಲ್ಲೂ ಇದೆ. ಕ್ಷಯದ ಮದ್ದಿಗೆ ಕೊನೆ ಇದೆ, ಆಸ್ತಮಾದ ಮದ್ದು ಬಹಳ ಕಾಲ ಬೇಕಾಗಬಹುದು. ಆದರೆ ಚೆನ್ನಾಗಿದ್ದ ದಿನವೂ ಮದ್ದು ಬೇಕು, ಅದು ಮನೆಬಾಗಿಲಿಗೆ ಬರಬೇಕು ಎಂಬ ತತ್ವ ಎರಡಕ್ಕೂ ಒಂದೇ.

ತಮಿಳುನಾಡು 2021ರಲ್ಲಿ, ಕನ್ನಡಿಗರೂ ನೆಲೆಸಿರುವ ಕೃಷ್ಣಗಿರಿ ಜಿಲ್ಲೆಯಿಂದಲೇ, ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮಾತ್ರೆಗಳನ್ನು ಮನೆಗೆ ತಲುಪಿಸುವ ಮಕ್ಕಳೈ ತೇಡಿ ಮರುತ್ತುವಂ ಯೋಜನೆ ಆರಂಭಿಸಿತು. ಇಂಥ ಯೋಜನೆಗಳಲ್ಲಿ, ಅಲ್ಲಾಗಲಿ ಕರ್ನಾಟಕದಲ್ಲಾಗಲಿ, ಸ್ಟಿರಾಯ್ಡ್ ಇನ್‌ಹೇಲರಿಗೂ ಮಾತ್ರೆಗಳಷ್ಟೇ ಖಾತ್ರಿಯ ಜಾಗ ಇರಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಪೈರೊಮೀಟರ್ ಇರಬೇಕು, ಅದನ್ನು ಊದಿಸಲು ಬಲ್ಲ ಒಬ್ಬರಾದರೂ ಇರಬೇಕು. ಭೋಗಿಯ ಟೈರು, ಕಸದ ಗುಡ್ಡದ ಬೆಂಕಿ, ಕಾರ್ಖಾನೆಯ ಸೋರಿಕೆ ಇವು ನಿಲ್ಲಬೇಕು.

ಓದುಗರಲ್ಲಿ ಕೇಳುವುದು ಇಷ್ಟು. ನಿಮ್ಮ ಮನೆಯಲ್ಲಿ ಯಾರಿಗಾದರೂ ರಾತ್ರಿ ಕೆಮ್ಮು ಎಬ್ಬಿಸುತ್ತಿದ್ದರೆ, ಹೊಗೆ, ಓಟ, ನಗುವಿಗೆ ಎದೆ ಬಿಗಿಯುತ್ತಿದ್ದರೆ ಒಮ್ಮೆ ಊದುವ ಪರೀಕ್ಷೆ ಮಾಡಿಸಿ. ಮಾತು ತುಂಡಾಗುವಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಸಾಲ್ಬುಟಮಾಲ್ ಇನ್‌ಹೇಲರ್ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲ ಎಂದೇ ತಿಳಿಯಿರಿ, ಉರಿಯೂತ ಇಳಿಸುವ ಇನ್‌ಹೇಲರ್ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಅದನ್ನು ಬರೆದುಕೊಟ್ಟರೆ ಉಬ್ಬಸ ಇಲ್ಲದ ದಿನವೂ ಬಿಡಬೇಡಿ. ಆಸ್ತಮಾದಿಂದ ಆಗುವ ಸಾವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದ ಸಾವುಗಳು.